ಅಕ್ಟೋಬರಿನಲ್ಲಿ ಬಂದ ಏಪ್ರಿಲ್

ಕಚಕ್, ಕಚಕ್.

ಅದು ನನ್ನ ಕತ್ತರಿ. ಇನ್ನೂ ಏನನ್ನೂ ಕತ್ತರಿಸಿರಲಿಲ್ಲ, ಗಾಳಿಯಲ್ಲೇ ಅಭ್ಯಾಸ ಮಾಡುತ್ತಿತ್ತು. ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೈದು ವರ್ಷ ಕೂತು, ಕೂದಲೆಳೆಯಷ್ಟು ಗೀರಿದ್ದ ಗುಂಡನ್ನೂ ಪಕ್ಕಕ್ಕೆ ಎಸೆದ ಕೈ ಇದು. ನಿವೃತ್ತನಾದ ಆರೇ ತಿಂಗಳಲ್ಲಿ ಮನೆಯ ಬಾಗಿಲು, ಫ್ಯಾನು, ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದೆ. ಗಡಿಯಾರ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ಮಾಡಿದವರೇ ಹೆಚ್ಚಿಗೆ ಹಾಕಿದ್ದರು ಎಂದು ತೀರ್ಮಾನಿಸಿದೆ. ನನ್ನ ಕೈಗೆ ಸಿಗದೆ ಉಳಿದದ್ದು ಅಂಗಳದ ಪಿಯೋನಿ ಹೂವಿನ ಗಿಡ ಒಂದೇ. ಈ ಚಳಿಗಾಲಕ್ಕೆ ಅದನ್ನು ಹೇಗೆ ಸಜ್ಜುಗೊಳಿಸುತ್ತೇನೆಂದರೆ, ಆ ಹೂವಿಗೇ ಹೆಸರಾದ ನಮ್ಮ ಲುವೊಯಾಂಗ್ ನಗರ ಸಾಲುಗಟ್ಟಿ ಬಂದು ನನ್ನಿಂದ ಪಾಠ ಹೇಳಿಸಿಕೊಳ್ಳಬೇಕು ಎಂದು ಶಪಥ ಮಾಡಿದೆ!

ಗಿಡ ನನ್ನದಲ್ಲ, ಮಾವನದು. ನಿಜ ಹೇಳಬೇಕೆಂದರೆ ಮಾವನದೂ ಅಲ್ಲ. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಗೋಣಿಯಲ್ಲಿ ಸುತ್ತಿಕೊಂಡು ತಂದದ್ದು. ಅತ್ತೆ ತೀರಿಕೊಂಡ ವರ್ಷ ಮಾವ ಹಳ್ಳಿಯ ಮನೆ ಬಿಟ್ಟು, ಗಿಡದ ಸಮೇತ ನಮ್ಮ ನೆಲಮಹಡಿಯ ಮನೆಗೆ ಬಂದರು. ಏಪ್ರಿಲ್‌ನಲ್ಲಿ ಹೂ ಬಿರಿದಾಗ ಅದರೆದುರು ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಆದರೆ ಕಣ್ಣಿಗೆ ಪೊರೆ ಬಂದು, ಎರಡು ವಸಂತಗಳಿಂದ ಅವರಿಗೆ ಕಂಡದ್ದು ನೇರಳೆ ಬಣ್ಣದ ಮಂಜು ಮಾತ್ರ. ಈ ಸೆಪ್ಟೆಂಬರಿನಲ್ಲಿ ಪೊರೆ ತೆಗೆಸಲೆಂದು ಝೆಂಗ್‌ಝೌನಲ್ಲಿರುವ ಮಗನ ಮನೆಗೆ ಹೊರಟರು. ಹೊರಡುವಾಗ ನನ್ನನ್ನು ಕರೆದರು.

"ಎಲೆ ತಾನಾಗಿ ಉದುರೋ ತನಕ ಮುಟ್ಬೇಡ. ಉದುರಿದ್ಮೇಲೆ ಬುಡಕ್ಕೆ ಒಂದು ಬುಟ್ಟಿ ಮಣ್ಣು ಏರಿಸು. ಅಷ್ಟೆ."

"ಅಷ್ಟೇನಾ ಮಾವ?"

"ಅಷ್ಟು ನಿನ್ನ ಕೈಲಾದ್ರೆ ದೊಡ್ಡದು. ಏಪ್ರಿಲ್‌ನಲ್ಲಿ ಅವಳ ಹೂವನ್ನ ಕಣ್ತುಂಬ ನೋಡ್ಬೇಕು ನಾನು."

ಅವರು ಹೋದ ಸಂಜೆಯೇ ನನ್ನ ಹೆಂಡತಿ ರುಯ್‌ಯಿಂಗ್ ದೊಡ್ಡದೊಂದು ಮಣ್ಣಿನ ಜಾಡಿಯನ್ನು ಉರುಳಿಸಿಕೊಂಡು ಬಂದು ಗಿಡದ ಪಕ್ಕ, ಗೋಡೆಯ ಮೂಲೆಗೆ ನಿಲ್ಲಿಸಿದಳು. ಒಳಗಿರುವುದು ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಅಂತೆ. ಬೆರಳಷ್ಟು ಅಲುಗಿದರೂ ಕೆಟ್ಟುಹೋಗುತ್ತದಂತೆ. ಕೆಟ್ಟರೆ ಚಳಿಗಾಲವಿಡೀ ನನಗೆ ಬರೀ ಬಿಳಿ ನೂಡಲ್ಸ್ ಅಂತೆ. ಜಾಡಿ ಎರಡು ಬೆರಳು ಸೊಟ್ಟ ನಿಂತಿತ್ತು. ಅದನ್ನು ನೋಡಿಕೊಂಡು ಸುಮ್ಮನಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಒಂಬತ್ತು ದಿನ ತಡೆದೆ. ಗಂಟೆಗೆ ನಾಲ್ಕು ಸಲ ಅಂಗಳಕ್ಕೆ ಹೋದೆ, ಬಂದೆ. ಎಲೆಗಳ ಅಂಚು ಕಂದಾಗಿತ್ತು, ಮೈತುಂಬ ಚುಕ್ಕೆ. ನನ್ನ ಮೇಜಿಗೆ ಬಂದಿದ್ದರೆ ಒಂದೊಂದೂ ತಿರಸ್ಕೃತ ಮಾಲು! ಇಂಥ ಎಲೆ ಉದುರಲಿ ಎಂದು ಕಾಯುವುದು ಸೋಮಾರಿಗಳ ತೋಟಗಾರಿಕೆ ಅನ್ನಿಸಿತು. ಹತ್ತನೆಯ ದಿನ ರುಯ್‌ಯಿಂಗ್ ತರಕಾರಿ ತರಲು ಹೋದಳು. ಕಚಕ್, ಕಚಕ್. ಅವಳು ಮೂಲಂಗಿ ಹಿಡಿದು ಬರುವಷ್ಟರಲ್ಲಿ ಗಿಡ ಬೋಳಾಗಿ, ಶಿಸ್ತಿನ ಸಿಪಾಯಿಯಂತೆ ನಿಂತಿತ್ತು.

ಅವಳು ಗಿಡವನ್ನು ನೋಡಿದಳು. ಜಾಡಿಯನ್ನು ನೋಡಿದಳು. ಮೂಲಂಗಿ ತೊಳೆಯಲು ಒಳಗೆ ಹೋದಳು. ದಾಂಪತ್ಯದಲ್ಲಿ ಇಷ್ಟು ಅಗ್ಗವಾಗಿ ನಾನು ಪಾರಾದದ್ದು ಅದೇ ಮೊದಲು.

ಆ ಧೈರ್ಯದಲ್ಲಿ ಮುಂದುವರಿದೆ. ಬೋಳು ಗಿಡಕ್ಕೆ ಹಸಿವಾಗಬಾರದೆಂದು ಸೋಯಾ ಹಿಂಡಿ ನೆನೆಸಿದ ನೀರು ಹಾಕಿದೆ. ಚಳಿಯಾಗಬಾರದೆಂದು ಸೈನಿಕರು ತೊಡುವಂಥ ನನ್ನ ಹಳೆಯ ಹತ್ತಿಯ ಕೋಟು ಹೊದಿಸಿ ಗುಂಡಿಯನ್ನೂ ಹಾಕಿದೆ. ಅಕ್ಟೋಬರಿನ ಎರಡನೆಯ ವಾರ ಹವೆ ಬೆಚ್ಚಗಾಯಿತು. ಕೋಟಿನ ಗುಂಡಿ ಬಿಚ್ಚಿ ನೋಡಿದರೆ, ಹನ್ನೊಂದು ಮೊಗ್ಗುಗಳು ಕೆಂಪಗೆ ಉಬ್ಬಿ, ಕೆಲವು ಆಗಲೇ ಚಿಗುರು ಚಾಚಿದ್ದವು.

ಮಾವ ಅರವತ್ತು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಮೂರು ವಾರದಲ್ಲಿ ಸಾಧಿಸಿದ್ದೆ! ಇಡೀ ಕಟ್ಟಡಕ್ಕೆ ಡಂಗುರ ಸಾರಿದೆ. ಮೂರನೆಯ ಮಹಡಿಯ ಕೋಂಗ್ ಅಣ್ಣನೂ ಇಳಿದು ಬಂದ. ಉದ್ಯಾನದಲ್ಲಿ ಮಾಲಿಯಾಗಿದ್ದವನು. ಎಲ್ಲರೂ ಹೊಗಳಿ ಹೋದ ಮೇಲೆ ಅವನೊಬ್ಬ ಉಳಿದ.

"ಎಲೆ ಯಾರು ಕಿತ್ತಿದ್ದು?"

ನಾನೇ ಎಂದು ಎದೆ ತಟ್ಟಿಕೊಂಡೆ.

"ಎಲೆ ಇರೋ ತನಕ ಮೊಗ್ಗು ಮಲಗಿರತ್ತೆ ಕಣಯ್ಯ. ನೀನು ಎಲೆ ಕಿತ್ತು, ಊಟ ಹಾಕಿ, ಕೋಟು ತೊಡಿಸಿದೀಯ. ಪಾಪ, ಅದು ಏಪ್ರಿಲ್ ಬಂತು ಅಂದ್ಕೊಂಡಿದೆ. ಇವೆಲ್ಲ ಈಗ ಹಿಮಕ್ಕೆ ಸಿಕ್ಕಿ ಸುಟ್ಟು ಹೋಗ್ತವೆ. ನಿಜವಾದ ಏಪ್ರಿಲ್‌ಗೆ ನಿಮ್ಮ ಮಾವ ಕಡ್ಡಿ ನೋಡ್ಬೇಕು."

ನನ್ನ ಕೈಕಾಲು ತಣ್ಣಗಾದವು. ತಣ್ಣಗಾಗಬೇಕಿದ್ದದ್ದು ಗಿಡ!

ಕೋಟು ಕಿತ್ತೆಸೆದೆ. ಬಿಸಿಲು ತಾಗದಂತೆ ಮಲಗುವ ಕೋಣೆಯ ಪರದೆ ಕಟ್ಟಿದೆ. ಫ್ಯಾನು ತಂದು ಅಂಗಳದಲ್ಲಿಟ್ಟು ಗಿಡದತ್ತ ತಿರುಗಿಸಿದೆ. ಇಷ್ಟೂ ಸಾಲದೆಂದು ಫ್ರಿಜ್ಜಿನ ಐಸ್ ಸುರಿದೆ. ಐಸ್ ಮುಗಿದಾಗ, ರುಯ್‌ಯಿಂಗ್ ಹಬ್ಬಕ್ಕೆಂದು ಹೆಪ್ಪುಗಟ್ಟಿಸಿಟ್ಟಿದ್ದ ಇನ್ನೂರು ಹಂದಿಮಾಂಸದ ಕಡುಬುಗಳನ್ನು ಚೀಲದ ಸಮೇತ ಬುಡದ ಸುತ್ತ ಜೋಡಿಸಿದೆ. ಗಿಡ ತಣ್ಣಗಾಗಲಿಲ್ಲ, ಕಡುಬು ಬೆಚ್ಚಗಾಯಿತು. ಮೂರು ದಿನ ಮೂರು ಹೊತ್ತೂ ಕಡುಬೇ ತಿಂದೆವು. ಕೋಂಗ್ ಅಣ್ಣನಿಗೂ ಒಂದು ಪಾಲು ಹೋಯಿತು.

ಅವಳು ಆಗಲೂ ಬೈಯಲಿಲ್ಲ. ಇನ್ನೊಂದು ತಟ್ಟೆ ನನ್ನ ಮುಂದೆ ತಳ್ಳಿದಳು, ಅಷ್ಟೆ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ತಿಂಗಳ ಕೊನೆಗೆ ಮಾವ ಬಂದರು. ಅದೇ ಬೆಳಿಗ್ಗೆ ಹನ್ನೊಂದರಲ್ಲಿ ಒಂದು ಮೊಗ್ಗು, ನನ್ನ ಮಾನ ತೆಗೆಯಲೆಂದೇ ಕಾದಿದ್ದಂತೆ, ಅರಳಿತು. ಟೀ ಬಟ್ಟಲಿನಷ್ಟು ಸಣ್ಣ, ಬಡಕಲು ನೇರಳೆ ಹೂವು. ನಾನು ಅದಕ್ಕೆ ಅಡ್ಡ ನಿಂತೆ. ಹೊಸ ಕಣ್ಣು ಪಡೆದು ಬಂದವರೆದುರು ಅಡ್ಡ ನಿಂತು ಏನು ಪ್ರಯೋಜನ?

"ಅಳಿಯಂದ್ರೇ, ಪಕ್ಕಕ್ಕೆ ಬನ್ನಿ," ಎಂದರು. ಅವರು ನನಗೆ ಬಹುವಚನ ಬಳಸಿದ್ದು ಮದುವೆಯ ದಿನ ಬಿಟ್ಟರೆ ಈಗಲೇ.

ಅವರು ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಹೂವನ್ನು ನೋಡಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಎಲೆ, ಹಿಂಡಿ, ಕೋಟು, ಕಡುಬು. ಏಪ್ರಿಲ್ ಬಗ್ಗೆ ಹೇಳುವಾಗ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ.

ಆಗ ರುಯ್‌ಯಿಂಗ್ ಕೈ ಒರೆಸಿಕೊಳ್ಳುತ್ತ ಬಂದು ಜಾಡಿಯನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಎತ್ತಿಟ್ಟಳು. ಒಳಗೆ ಉಪ್ಪಿನಕಾಯಿ ಇರಲಿ, ಉಪ್ಪಿನ ಹರಳೂ ಇರಲಿಲ್ಲ. ಅದರ ಹಿಂದೆ, ಗೋಡೆಗೆ ಒತ್ತಿ ಬಾಗಿಸಿ ದಾರ ಕಟ್ಟಿದ್ದ ಒಂದು ಕೊಂಬೆ. ಅದರ ಮೇಲೆ ಚುಕ್ಕೆ ಚುಕ್ಕೆಯ, ಕಂದು ಅಂಚಿನ, ಅಷ್ಟೂ ತಿರಸ್ಕೃತ ಎಲೆಗಳು. ಅವುಗಳ ಬುಡದಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಮಲಗಿದ್ದ ಎರಡು ಮೊಗ್ಗುಗಳು.

"ಅವತ್ತೇ ಗೊತ್ತಿತ್ತಾ ನಿನಗೆ?" ಎಂದೆ.

"ನಿಮ್ಮನ್ನ ಮುಚ್ಚಿಡೋವಷ್ಟು ದೊಡ್ಡ ಜಾಡಿ ಮನೇಲಿರ್ಲಿಲ್ಲ," ಎಂದಳು. "ಅದಕ್ಕೆ ಕೊಂಬೆ ಮುಚ್ಚಿಟ್ಟೆ."

ಮಾವ ಬಗ್ಗಿ ಎರಡು ಮೊಗ್ಗನ್ನೂ ಹತ್ತಿರದಿಂದ ನೋಡಿದರು. ನಂತರ ನನ್ನ ಜೇಬಿಗೆ ಕೈ ಹಾಕಿ ಕತ್ತರಿ ತೆಗೆದರು. ಕಚಕ್. ಬಡಕಲು ಹೂವು ಅವರ ಅಂಗೈಗೆ ಬಿತ್ತು. ಅತ್ತೆಯ ಫೋಟೋದ ಮುಂದೆ ಇಡುತ್ತೇನೆ, ಅವಳು ನಗಲಿ ಎಂದರು. ಮುಂದಿನ ಸೆಪ್ಟೆಂಬರಿಗೆ ಗಿಡ ಇಲ್ಲೇ ಇರಲಿ, ಇವನನ್ನು ಝೆಂಗ್‌ಝೌಗೆ ಕಳಿಸೋಣ ಎಂದು ಮಗಳಿಗೆ ಹೇಳಿದರು.

ನಾನು ತಲೆ ತಗ್ಗಿಸಿ ಎಲ್ಲದಕ್ಕೂ ಒಪ್ಪಿದೆ. ಇನ್ನು ಮುಂದೆ ಬೆರಳು ತಾಗಿಸುವುದಿಲ್ಲ ಎಂದು ಮಾತು ಕೊಟ್ಟೆ. ರುಯ್‌ಯಿಂಗ್ ಜಾಡಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಇಟ್ಟಳು. ಎರಡು ಬೆರಳು ಸೊಟ್ಟ.

"ಮಾವ, ತಪ್ಪು ತಿಳ್ಕೋಬೇಡಿ," ಎಂದೆ. "ಗಿಡ ಮುಟ್ಟಲ್ಲ. ಜಾಡಿ ಮಾತ್ರ ಒಂಚೂರು ಎಡಕ್ಕೆ ಸರಿಸಿದ್ರೆ, ನೋಡಿ, ಗೋಡೆಗೆ ಸರಿಯಾಗಿ..."

ಮಾವ ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ನನ್ನ ಕತ್ತರಿ ಹಿಡಿದು ಆಗಲೇ ಒಳಗೆ ನಡೆದಿದ್ದರು.