ವಿಮಾನ ತೋರಿಸಿದ ಜಾಗ

ವಿಮಾನದಿಂದ ರೇಡಿಯೋ ಹುಡುಕುವ ಕೆಲಸದಲ್ಲಿರುವವರು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವಿಮಾನ ದಾರಿ ತಪ್ಪಿದರೂ ನಗು ಸರಿಯಾಗಿ ನಾವಿರುವ ಕಡೆಗೇ ಬರುತ್ತದೆ.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಾನು ಜೀಪಿನಲ್ಲಿ ರೇಡಿಯೋ ಇಟ್ಟುಕೊಂಡು ಎಲ್ಲಾದರೂ ನಿಲ್ಲಬೇಕು. ನಮ್ಮ ಸಾಹೇಬರು ವಿಮಾನದಲ್ಲಿ ಕೂತು, ನಾವೇ ಮಾಡಿದ ಯಂತ್ರದಿಂದ ಅದೆಲ್ಲಿದೆ ಎಂದು ಕಂಡುಹಿಡಿಯಬೇಕು. ಬೇಸಿಗೆ ಮುಗಿಯುವುದರೊಳಗೆ ಯಂತ್ರ ಸರಿಯಾಗದಿದ್ದರೆ ಯೋಜನೆ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ ಕೆಲಸ ಅದು.

೧. ಕೆರೆ

ಕನಕಪುರದ ಕಲ್ಲು ಕ್ವಾರಿ ಪಕ್ಕ ನಿಂತಿದ್ದೆ. ಮೇಲಿಂದ ಸಾಹೇಬರ ದನಿ ಬಂತು: "ನೀವು ಕೆರೆ ಮಧ್ಯದಲ್ಲಿದ್ದೀರಿ."

"ಇಲ್ಲ ಸಾರ್, ಕ್ವಾರಿ ಹತ್ರ ಇದ್ದೀನಿ."

"ಯಂತ್ರ ಕೆರೆ ಅಂತಿದೆ. ಸರಿಯಾಗಿ ನೋಡಿ ಹೇಳಿ."

ಬಗ್ಗಿ ಬೂಟು ನೋಡಿಕೊಂಡೆ. ಒಣಗಿಯೇ ಇತ್ತು. ಹಾಗೆಂದು ವರದಿ ಮಾಡಿದೆ.

೨. ಬೊಂಬೆ ಅಂಗಡಿ

ಚನ್ನಪಟ್ಟಣದಲ್ಲೂ ಅದೇ ಕಥೆ. ನಾನು ಅಲ್ಲಿದ್ದರೆ ವಿಮಾನ ತನ್ನ ಲೆಕ್ಕದಲ್ಲಿ ನನ್ನನ್ನು ರಾಮನಗರಕ್ಕೆ ಕಳಿಸಿತ್ತು. ರಸ್ತೆ ಬದಿಯ ಬೊಂಬೆ ಅಂಗಡಿಯವರು "ಏನ್ ಸಾ ತೊಂದ್ರೆ?" ಅಂದರು. ಅವರದೇ ಮರದ ವಿಮಾನ, ಮರದ ಜೀಪು ಎತ್ತಿಕೊಂಡು ವಿವರಿಸಿದೆ.

"ವಿಮಾನ ಎರಡು ಕಡೆಯಿಂದ ಜೀಪಿನ ದಿಕ್ಕು ನೋಡುತ್ತೆ. ಎರಡು ಗೆರೆ ಕೂಡಿದ ಕಡೆ ಜೀಪು. ದಿಕ್ಕೇನೋ ಸರಿ. ಆದ್ರೆ ಹಾರ್ತಾ ಹಾರ್ತಾ ತಾನೆಲ್ಲಿದ್ದೀನಿ ಅನ್ನೋದೇ ವಿಮಾನಕ್ಕೆ ತಪ್ಪುತ್ತೆ. ಆಗ ಗೆರೆಯೂ ಪಕ್ಕಕ್ಕೆ ಹೋಗುತ್ತೆ." ವಿಮಾನವನ್ನು ಒಸಿ ಸರಿಸಿಯೂ ತೋರಿಸಿದೆ.

ಅವರು ತಾಳ್ಮೆಯಿಂದ ಕೇಳಿ ಎರಡನ್ನೂ ಪೇಪರಿನಲ್ಲಿ ಸುತ್ತಿದರು. "ಇಷ್ಟೊತ್ತು ಆಡುದ್ಮೇಲೆ ತಗೊಳ್ದೆ ಇದ್ರೆ ಆಯ್ತದಾ ಸಾ?"

ಆ ವಿಮಾನ ಈಗಲೂ ನಮ್ಮ ಮನೆ ಶೋಕೇಸಿನಲ್ಲಿದೆ. ಇದುವರೆಗೆ ಒಂದು ತಪ್ಪೂ ಮಾಡಿಲ್ಲ.

೩. ಗೂಟ

ಮಾಗಡಿ ಕಡೆ ತಿಪ್ಪಸಂದ್ರದಲ್ಲಿ ಜೀಪು ರಸ್ತೆಯಲ್ಲಿತ್ತು. ವಿಮಾನ ತೋರಿಸಿದ್ದು ಸ್ವಲ್ಪ ದೂರದ ಒಂದು ಹೊಲ. ಎಷ್ಟು ತಪ್ಪಿದೆ ಎಂದು ಅಳೆಯಲು ಅಲ್ಲೊಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದೆ. ಹೊಲದ ಗೌಡರು ಬಂದು ಇದೇನು ಅಂದರು. "ವಿಮಾನ ತೋರಿಸಿದ ಜಾಗ" ಅಂದೆ.

ಮುಂದಿನ ಸಲ ಹೋದಾಗ ಗೂಟದ ಜಾಗದಲ್ಲಿ ಬೋರ್‌ವೆಲ್ ಇತ್ತು, ಒಳ್ಳೇ ನೀರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರು ತೋರಿಸಿದ್ದ ಕಡೆಯೆಲ್ಲ ಬರೀ ಧೂಳು ಬಂದಿತ್ತಂತೆ.

"ಗೌಡ್ರೇ, ಅದು ವಿಮಾನದ ತಪ್ಪು" ಅಂದೆ.

"ಇರ್ಲಿ ಬುಡಿ ಸಾ, ತಪ್ಪು ಯಾರ್ ಮಾಡಾಕಿಲ್ಲ" ಎಂದು ಮುದ್ದೆ, ಬಸ್ಸಾರು ಬಡಿಸಿದರು.

ಕೊನೆಯ ಪರೀಕ್ಷೆಯೂ ಅಲ್ಲೇ ನಡೆಯಿತು. ಈ ಸಲ ಸಾಹೇಬರು ಗೊತ್ತಿರುವ ಬೆಟ್ಟವೊಂದರ ಮೇಲೆ ಹಾರಿ, ವಿಮಾನಕ್ಕೆ ತಾನೆಲ್ಲಿದ್ದೇನೆ ಎಂಬುದನ್ನು ತಿದ್ದಿ ಹೇಳಿ ಬಂದಿದ್ದರು. ಗೆರೆಗಳು ಕೂಡಿದ್ದು ಸರಿಯಾಗಿ ನನ್ನ ಜೀಪಿನ ಮೇಲೆ. ಯೋಜನೆ ಉಳಿಯಿತು. ಖುಷಿಗೆ ನನ್ನ ಕಣ್ಣು ತುಂಬಿತು.

ತಿರುಗಿ ನೋಡಿದರೆ ಊರಿನ ಅರ್ಧ ಜನ ಒಂದೊಂದು ಗೂಟ ಹಿಡಿದು ನಿಂತಿದ್ದಾರೆ. "ಯಾರ್ ಹೊಲ ತೋರಿಸ್ತು ಸಾ?"

"ಯಾರ ಹೊಲಾನೂ ಇಲ್ಲ. ಜೀಪನ್ನೇ ತೋರಿಸ್ತು. ರಿಪೇರಿ ಆಯ್ತು."

ಒಬ್ಬೊಬ್ಬರೇ ಗೂಟ ಕೆಳಗಿಟ್ಟರು. ಕೊನೆಗೆ ಗೌಡರೇ ಅಂದರು: "ರೋಡಲ್ಲಿ ಬೋರ್ ಕೊರ್ಸಕ್ಕೆ ಪಂಚಾಯ್ತಿಯೋರು ಬುಡಾಕಿಲ್ಲ. ಚೆಂದಾಗಿ ಕೆಲ್ಸ ಮಾಡ್ತಿತ್ತು, ಯಾಕ್ ಸಾ ಕೆಡಿಸ್ಬುಟ್ರಿ?"