ಮುಟ್ಟಬಾರದ ಎರಡು ಚೆಂಡು

ನಾನು ಹುಟ್ಟಾ ಪುಕ್ಕಲ. ಅದಕ್ಕೇ ಏನೋ, ಇಂಥವೆಲ್ಲ ಹುಡುಕಿಕೊಂಡು ನನ್ನ ಹತ್ರಾನೇ ಬರ್ತವೆ. ಉತ್ತರ ಧ್ರುವದ ಕಡೆ ಆಕಾಶ ಹಸಿರಾಗಿ ಹೊಳೆಯುತ್ತಲ್ಲ, ಧ್ರುವಪ್ರಭೆ, ಅಲ್ಲಿಯ ಪ್ಲಾಸ್ಮಾ ಅನ್ನೋ ವಿದ್ಯುತ್ಕಣಗಳ ಅನಿಲದಲ್ಲಿ ವಿದ್ಯುತ್ ಎಷ್ಟಿದೆ ಅಂತ ಅಳೆಯೋ ಉಪಗ್ರಹಕ್ಕೆ ನಮ್ಮ ಲ್ಯಾಬಿನಲ್ಲಿ ಒಂದು ಪೆಟ್ಟಿಗೆ ಮಾಡ್ತಿದ್ವಿ. ಪೆಟ್ಟಿಗೆಯ ಈ ಬದಿ ಒಂದು ಚೆಂಡು, ಆ ಬದಿ ಒಂದು. ಮೇಲೆ ಹೋದ್ಮೇಲೆ ಉದ್ದನೆ ತಂತಿಯಲ್ಲಿ ಆಚೀಚೆ ಚಾಚಿಕೊಳ್ತವೆ. ಎರಡರ ನಡುವಿನ ವಿದ್ಯುತ್ ವ್ಯತ್ಯಾಸವೇ ಅಳತೆ. ಒಂದು ಬೆರಳಚ್ಚು ಬಿದ್ದರೂ ಅಳತೆ ಸುಳ್ಳು.

೧. ಓನರ್ ಆಂಟಿ

ಸಂಜಯನಗರದ ನಮ್ಮ ಮನೆ ಓನರ್ ಆಂಟಿಗೆ ಇದನ್ನ ವಿವರಿಸಿದೆ. ಆಕಾಶದಲ್ಲಿ ಕರೆಂಟ್ ಇದೆ ಅಂದಿದ್ದೇ ತಪ್ಪಾಯ್ತು. ಟೆರೇಸಿನಲ್ಲಿ ಒದ್ದೆ ಬಟ್ಟೆ ಒಣಗಹಾಕೋದನ್ನೇ ಬಿಟ್ರು. ಧ್ರುವ ಇಲ್ಲಿಂದ ಬಹಳ ದೂರ ಆಂಟಿ ಅಂತ ಸಮಾಧಾನ ಹೇಳಿದೆ.

"ಅಷ್ಟು ದೂರ ಇದ್ರೆ ನೀವ್ಯಾಕೆ ದಿನಾ ಹೆದರ್ಕೊಂಡೇ ಕೆಲಸಕ್ಕೆ ಹೋಗ್ತೀರಾ?" ಅಂದ್ರು.

೨. ಹೆಬ್ಬಾಳದ ಪೊಲೀಸ್

ಕೋಗಿಲು ಕಡೆಯ ವರ್ಕ್‌ಶಾಪಿನಲ್ಲಿ ಚೆಂಡುಗಳಿಗೆ ಲೇಪನ ಮಾಡಿಸಿ ಆಟೋದಲ್ಲಿ ತರ್ತಿದ್ದೆ. ಹೆಬ್ಬಾಳ ಫ್ಲೈಓವರ್ ಕೆಳಗೆ ಪೊಲೀಸಿನವರು ನಿಲ್ಲಿಸಿ, ಡಬ್ಬದಲ್ಲೇನು ಅಂದ್ರು. ಉಂಡೆ, ಅದಕ್ಕೊಂದು ತಂತಿ ಅಂದ್ರೆ ನನ್ನ ಕಥೆ ಮುಗೀತು. ತೆಗೀಬೇಡಿ, ಮುಟ್ಟಬೇಡಿ, ಉಸಿರೂ ತಾಕಿಸಬೇಡಿ ಅಂತ ಬೇಡಿಕೊಂಡೆ.

"ಇಷ್ಟೊಂದು ಮಡಿ ಅಂದ್ರೆ ಒಳಗಿರೋದು ದೇವ್ರಾ?"

ಹೆದರಿಕೇಲಿ ಹೂಂ ಅಂದ್ಬಿಟ್ಟೆ. ಅವರು ಅಲ್ಲೇ ಬೂಟು ಬಿಚ್ಚಿ ಕೈಮುಗಿದು, ಮುಂದಿದ್ದ ಬಸ್ಸನ್ನ ಪಕ್ಕಕ್ಕೆ ಸರಿಸಿ ನಮಗೆ ದಾರಿ ಬಿಡಿಸಿದ್ರು.

೩. ಆಯುಧಪೂಜೆ ಮಾರನೇ ದಿನ

ನಮ್ಮ ಹೆಡ್ ಮೇಡಂ ಬಂದ್ರೆ ಇಡೀ ಲ್ಯಾಬು ನಡುಗುತ್ತೆ. ಪೂಜೆಯ ಮಾರನೇ ದಿನ ಎಲ್ಲರಿಗಿಂತ ಮೊದಲು ಒಳಗೆ ಹೋಗಿದ್ದು ನಾನು. ನೋಡಿದ್ರೆ ಈ ಬದಿಯ ಚೆಂಡಿನ ಮೇಲೆ ಕುಂಕುಮದ ಬೊಟ್ಟು. ಚೆಂಡುಗಳ ಹೊಣೆ ನನ್ನದು, ಮೇಡಂ ಕಣ್ಣಿಗೆ ಬಿದ್ರೆ ಕೆಲಸ ಹೋಯ್ತು. ಗಡಿಬಿಡೀಲಿ ಸ್ಪಿರಿಟ್ ಹಾಕಿ ಒರೆಸಿ, ಒಂದು ಕ್ಷಣವೂ ನಿಲ್ಲದೆ ಆಚೆ ಓಡಿಬಂದೆ.

ಅವತ್ತೇ ಕೊನೇ ಪರೀಕ್ಷೆ. ಎರಡು ಚೆಂಡಿನ ವ್ಯತ್ಯಾಸ ಸೊನ್ನೆ ಬರಬೇಕು. ಬರದಿದ್ರೆ ನಮ್ಮ ಪೆಟ್ಟಿಗೆ ಬಿಟ್ಟು ಉಪಗ್ರಹ ಹೊರಟುಬಿಡುತ್ತೆ.

ಸೊನ್ನೆ ಬರಲಿಲ್ಲ. ನನಗೆ ತಡೆಯೋಕಾಗಲಿಲ್ಲ. ಯಾರೋ ಪುಣ್ಯಾತ್ಮರು ಚೆಂಡಿಗೆ ಕುಂಕುಮ ಇಟ್ಟಿದ್ರು ಮೇಡಂ, ಬೆಳಿಗ್ಗೆ ನಾನೇ ಒರೆಸಿದೆ ಅಂತ ಒದರಿಬಿಟ್ಟೆ.

ಮೇಡಂ ನನ್ನ ಕಡೆ ತಿರುಗಿದ್ರು. ಅವರ ಮುಖದಲ್ಲಿ ಭಯ ಕಂಡಿದ್ದು ಅದೇ ಮೊದಲು.

"ಆ ಪುಣ್ಯಾತ್ಮಳು ನಾನೇ ಕಣ್ರೀ," ಅಂದ್ರು ಮೆಲ್ಲಗೆ. "ವ್ಯತ್ಯಾಸ ಬರಬಾರದು ಅಂತ ಎರಡಕ್ಕೂ ಒಂದೇ ಸಮ ಇಟ್ಟಿದ್ದೆ. ನೀವು ಒಂದನ್ನೇ ಒರೆಸಿದ್ರಾ?"