ಹಾಲು ಉಕ್ಕಬಾರದ ಮನೆ

ನಿರುಪಮಾ: ಇದು ಕಾಫಿಗೆ ಇಟ್ಟಿರೋ ಹಾಲು ರೀ. ಗೃಹಪ್ರವೇಶಕ್ಕೆ ಇಟ್ಟಿದ್ದಲ್ಲ.

ಪ್ರಹ್ಲಾದ್: ಆ ವ್ಯತ್ಯಾಸ ಹಾಲಿಗೆ ಗೊತ್ತಾಗುತ್ತಾ?

ನಿರುಪಮಾ: ಸ್ಟವ್ ಮೇಲಿಂದ ಕೈ ತೆಗೀರಿ.

ಪ್ರಹ್ಲಾದ್: ಮೈಕ್ರೋವೇವ್‌ನಲ್ಲಿ ಬಿಸಿ ಮಾಡ್ಕೋ ಅಂತ ಜನವರಿಯಿಂದ ಹೇಳ್ತಿದೀನಿ.

ನಿರುಪಮಾ: ಜನವರಿಯಿಂದ ಅದನ್ನೇ ಕುಡೀತಿದೀನಿ. ಅದು ಕಾಫೀನೂ ಅಲ್ಲ, ಕಷಾಯಾನೂ ಅಲ್ಲ. ಸಂಜೆ ಕ್ಲಾಸಲ್ಲಿ ಟೆಸ್ಟ್ ಇದೆ. ತಲೆನೋವು ಇಟ್ಕೊಂಡು ಬರೆಯೋಕೆ ನನ್ನ ಕೈಲಾಗಲ್ಲ.

ಪ್ರಹ್ಲಾದ್: ಇದು ಉಕ್ಕಿಬಿಟ್ರೆ ಟೆಸ್ಟೂ ಇಲ್ಲ, ಕ್ಲಾಸೂ ಇಲ್ಲ. ನಿನಗೋಸ್ಕರಾನೇ ಹೇಳ್ತಿರೋದು.

ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಪೇರ್‌ಲ್ಯಾಂಡಿನ ಈ ದೊಡ್ಡ ಮನೆ ಅವರದಲ್ಲ. ಮಾರಾಟಕ್ಕಿಟ್ಟ ಮನೆ ಖಾಲಿ ಬಿದ್ದಿದ್ದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಆದ್ದರಿಂದ ಅಂಥ ಮನೆಗಳಲ್ಲಿ ಸಂಸಾರಸ್ಥರನ್ನು ಕಾವಲಿಗೆ ಇರಿಸುವ ಕಂಪನಿಯೊಂದಿತ್ತು. ಹಿಂದಿನ ವರ್ಷ, ಎರಡು ಸಾವಿರದ ಎಂಟರಲ್ಲಿ, ಪ್ರಹ್ಲಾದನ ಎಂಜಿನಿಯರ್ ಕೆಲಸ ಹೋದಾಗ ದಂಪತಿಗಳು ಅದಕ್ಕೆ ಸೇರಿಕೊಂಡಿದ್ದರು. ಕಂಪನಿಯ ನಿಯಮಗಳು ಸ್ಪಷ್ಟವಾಗಿದ್ದವು. ಹಾಸಿಗೆ ಸುಕ್ಕಾಗಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಒಗ್ಗರಣೆಯ ವಾಸನೆ ಬರಬಾರದು. ಕೊಳ್ಳುವವರು ನೋಡಲು ಬಂದಾಗ ಮನೆಯಲ್ಲಿ ಇರಬಾರದು. ಕೊಂಡ ಮೇಲಂತೂ ಇರಲೇಬಾರದು. ಹಾಲಿನ ವಿಷಯದಲ್ಲಿ ಕಂಪನಿ ಏನನ್ನೂ ಹೇಳಿರಲಿಲ್ಲ. ಆ ನಿಯಮ ಪ್ರಹ್ಲಾದನದು.

ಪ್ರಹ್ಲಾದ್: ನಾವು ಮೊದಲು ಕಾವಲಿದ್ದ ಸೈಪ್ರೆಸ್ ಊರಿನ ಮನೆ ನೆನಪಿದೆಯಾ? ವರ್ಷವಿಡೀ ಒಂದು ನಾಯೀನೂ ತಿರುಗಿ ನೋಡಿರಲಿಲ್ಲ. ನೀನು ಕಾಲಿಟ್ಟೆ, ಹಾಲುಕ್ಕಿಸಿದೆ. ಬೀದೀಲಿ ಎಲ್ಲರ ಮನೆ ಮುಂದೆ ಮಾರಾಟದ ಬೋರ್ಡು ಹಾಗೇ ನಿಂತಿದೆ, ನಮ್ಮದೊಂದೇ ಹೋಯ್ತು.

ನಿರುಪಮಾ: ಮನೆ ಚೊಕ್ಕಟವಾಗಿ ಇಟ್ಟಿದ್ದೆ. ಅದಕ್ಕೆ ಹೋಯ್ತು.

ಪ್ರಹ್ಲಾದ್: ಆಮೇಲೆ ಕೇಟಿ ಊರಿನ ಮನೆ?

ನಿರುಪಮಾ: ಅದೂ ಚೊಕ್ಕಟ.

ಪ್ರಹ್ಲಾದ್: ಶುಗರ್‌ಲ್ಯಾಂಡ್ ಮನೆ ಹಿತ್ತಲಲ್ಲಿ ಹಾವಿತ್ತು!

ನಿರುಪಮಾ: ಹಿತ್ತಲು ನಿಮ್ಮ ಪಾಲಿನ ಕೆಲಸವಾಗಿತ್ತು.

ಪ್ರಹ್ಲಾದ್: ಹಾವಿದ್ದ ಮನೇನೂ ಹೋಯ್ತಲ್ಲ! ಟಿವೀಲಿ ದಿನಾ ಅಳ್ತಿದಾರೆ, ಇಡೀ ಅಮೆರಿಕಾದಲ್ಲಿ ಮನೆ ಮಾರಾಟವಾಗ್ತಿಲ್ಲ ಅಂತ. ಪಾಪ, ಅವರಿಗೆ ನಿನ್ನ ವಿಷಯ ಯಾರೂ ಹೇಳಿಲ್ಲ.

ನಿರುಪಮಾ: ನೀವು ಎಂಜಿನಿಯರಿಂಗ್ ಓದಿದವರು ರೀ.

ಪ್ರಹ್ಲಾದ್: ಅದಕ್ಕೇ ಪ್ರಯೋಗ ಮಾಡ್ತಿರೋದು. ಉಕ್ಕಿಸಿದ ಮನೆಗಳೆಲ್ಲ ಹೋದ್ವು. ಉಕ್ಕಿಸದೇ ಇರೋ ಮನೆ ಇದೊಂದೇ. ಇದು ನಿಂತಿದೆ.

ನಿರುಪಮಾ: ಹಾಲುಕ್ಕಿಸದ ಮನೆ ಮನೆಯಲ್ಲ, ಛತ್ರ.

ಪ್ರಹ್ಲಾದ್: ಆಗಲಿ, ಮೇ ತಿಂಗಳವರೆಗೆ ಛತ್ರ ಅಂತಾನೇ ಅಂದ್ಕೋ.

ಮೇ ತಿಂಗಳಲ್ಲಿ ನಿರುಪಮಾಳ ಪರೀಕ್ಷೆಯಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡಲು ಬೇಕಾದ ಸಂಜೆಯ ಕೋರ್ಸಿಗೆ ಅವಳು ಸೇರಿದ್ದು ಇದು ಮೂರನೆಯ ಬಾರಿ. ಹಿಂದಿನ ಎರಡು ಬಾರಿಯೂ ಪಾಠ ಅರ್ಧಕ್ಕೆ ಬಂದಿದ್ದಾಗಲೇ ಮನೆ ಮಾರಾಟವಾಗಿ, ಊರಿನ ಇನ್ನೊಂದು ತುದಿಗೆ ಗಂಟುಮೂಟೆ ಕಟ್ಟಬೇಕಾಗಿತ್ತು. ಈ ಮನೆಯಿಂದ ಕಾಲೇಜಿಗೆ ನಡೆದುಕೊಂಡೇ ಹೋಗಬಹುದು. ಟೆಕ್ಸಾಸಿನಲ್ಲಿ ಇದು ಪೂರ್ವಜನ್ಮದ ಪುಣ್ಯವಿಲ್ಲದೆ ಒದಗುವ ಸವಲತ್ತಲ್ಲ. ಬಂದ ದಿನ ಅವಳು ಹಾಲುಕ್ಕಿಸದೆ ಇದ್ದದ್ದು ಗಂಡನ ಪ್ರಯೋಗವನ್ನು ನಂಬಿ ಅಲ್ಲ. ನಂಬದವರೂ ಎಚ್ಚರಿಕೆಯಿಂದ ಇರಬಹುದು ಎಂಬ ವಿವೇಕದಿಂದ.

ನಿರುಪಮಾ: ಸಣ್ಣ ಉರೀಲಿ ಇಟ್ಟಿದೀನಿ. ಎದುರಿಗೇ ನಿಂತಿರ್ತೀನಿ. ನಾನು ನೋಡ್ತಾ ಇದ್ರೆ ಉಕ್ಕಲ್ಲ.

ಪ್ರಹ್ಲಾದ್: ನಿಜ. ನೀನು ನೋಡ್ತಾ ಇದ್ರೆ ಈ ಮನೇಲಿ ಯಾರೂ ಉಕ್ಕಲ್ಲ.

ಕರೆಗಂಟೆ ಸದ್ದು ಮಾಡಿತು. ನಿರುಪಮಾ ಕಿಟಕಿಯ ಪರದೆ ಸರಿಸಿ ನೋಡಿದಳು.

ನಿರುಪಮಾ: ಮನೆ ಮಾರೋ ಏಜೆಂಟಮ್ಮ ಯಾರನ್ನೋ ಕರ್ಕೊಂಡು ಬಂದಿದಾಳೆ.

ಪ್ರಹ್ಲಾದ್: ಸಾಧ್ಯವೇ ಇಲ್ಲ. ಮೊದಲು ನನಗೆ ಫೋನ್ ಮಾಡ್ತಾರೆ.

ನಿರುಪಮಾ: ನಿಮ್ಮ ಫೋನ್ ಎಲ್ಲಿದೆ?

ಪ್ರಹ್ಲಾದ್: ಕಾರಲ್ಲಿ.

ನಿರುಪಮಾ: ಕಾರಿಗೆ ವಿಷಯ ಗೊತ್ತಾಗಿರುತ್ತೆ. ನೀವು ಸ್ಟವ್ ಆರಿಸಿ, ನಾನು ದೇವರನ್ನ ತಗೋತೀನಿ. ಹಿಂದಿನ ಬಾಗಿಲಿಂದ ಹೋಗೋಣ.

ಪ್ರಹ್ಲಾದ್ ಒಲೆಯ ನಾಬನ್ನು ಕೊನೆಯವರೆಗೆ ತಿರುಗಿಸಿ ಹಾಸಿಗೆಯ ಸುಕ್ಕು ತೆಗೆಯಲು ಓಡಿದ. ನಿರುಪಮಾ ಬೀರುವಿನೊಳಗಿದ್ದ ದೇವರುಗಳನ್ನು ಊಟದ ಬ್ಯಾಗಿನಲ್ಲಿ ಕೂರಿಸಿದಳು. ದೇವರಿಗೂ ಇದು ಅಭ್ಯಾಸವಾಗಿತ್ತು. ಇಬ್ಬರೂ ನಡುಮನೆಗೆ ಬರುವಷ್ಟರಲ್ಲಿ, ಇಳಕಲ್ ಸೀರೆಯುಟ್ಟು ಬಿಳಿಯ ಬೂಟು ಹಾಕಿಕೊಂಡ ಹಿರಿಯ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಅವಳ ಹೆಸರು ಸುಮಿತ್ರವ್ವ.

ಸುಮಿತ್ರವ್ವ: ಅಯ್ಯ, ನಮ್ಮ ಮಂದೀನ ಅದೀರಲ್ಲ! ಕನ್ನಡದಾಗ ಜಗಳ ಕೇಳಿಸ್ತು, ಏಜೆಂಟ್ ಬಾಯಿ ಬಾಗಲಾ ತಗದದ್ದ ತಡಾ ಒಳಗ ಬಂದೆ. ಆಕಿ ಹೊರಗ ನಿಂತು ನನ್ನ ಮಗನಿಗೆ ಮನಿ ಮ್ಯಾಲಿನ ಮಾಳಗಿ ತೋರಸಾಕತ್ಯಾಳ.

ಪ್ರಹ್ಲಾದ್: ನಾವಿಲ್ಲಿ ಇಲ್ಲ ಅಮ್ಮ.

ಸುಮಿತ್ರವ್ವ: ಮತ್ತ ನಿಂತಾವ್ರು ಯಾರು?

ಪ್ರಹ್ಲಾದ್: ನಾವೇ. ಆದ್ರೆ ನೀವು ಬಂದಾಗ ನಾವು ಇರಬಾರದು.

ಸುಮಿತ್ರವ್ವ: ನಾ ಏನ ಮಾಡೇನಿ ನಿಮಗ?

ನಿರುಪಮಾ: ಹಾಗಲ್ಲಮ್ಮ. ಇದು ನಮ್ಮ ಮನೆಯಲ್ಲ. ಕಾವಲಿಗೆ ಇದೀವಿ. ನೋಡೋರು ಬಂದಾಗ ಎದುರಿಗೆ ಬರಬಾರದು ಅಂತ ಕಂಪನಿ ನಿಯಮ.

ಸುಮಿತ್ರವ್ವ: ನಮ್ಮ ಧಾರವಾಡದಾಗ ಕಾವಲಿನಾಂವ ಹೊರಗ ಮಲಗಿ ಮಂದಿ ಬಂದಾಗ ಏಳತಾನ. ನೀವು ಒಳಗ ಮಲಗಿ ಮಂದಿ ಬಂದಾಗ ಓಡತೀರಿ. ಇರಲಿ, ದೇಶಕ್ಕೊಂದು ರೀತಿ. ಒಂದು ಮಾತು ಕೇಳತೇನಿ, ಖರೇ ಹೇಳ್ರಿ. ನೀವು ಈ ಮನ್ಯಾಗ ಹಾಲ ಉಕ್ಕಸೀರೇನು?

ಪ್ರಹ್ಲಾದನ ಮುಖದಲ್ಲಿ ಬೆಳಕು ಮೂಡಿತು. ಮನೆಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರುವುದು ಸಾಧ್ಯವಿರಲಿಲ್ಲ.

ಪ್ರಹ್ಲಾದ್: ಇಲ್ಲ ಅಮ್ಮ! ಒಂದು ಹನೀನೂ ಇಲ್ಲ. ಬಂದ ದಿನದಿಂದ ಬರೀ ಮೈಕ್ರೋವೇವ್. ಇಂಥ ಅಶುಭವಾದ ಮನೆ ನಾನಂತೂ ನೋಡಿಲ್ಲ.

ಸುಮಿತ್ರವ್ವ: ನಿನ್ನ ಬಾಯಾಗ ಸಕ್ಕರಿ ಬೀಳಲಿ ತಮ್ಮಾ!

ಪ್ರಹ್ಲಾದ್: ಸಕ್ಕರೆ?

ಸುಮಿತ್ರವ್ವ: ಗುಡಿ ಹತ್ತರ ಅಂತ ಈ ಊರಾಗ ಮನಿ ಹುಡುಕಾಕತ್ತೀವಿ. ನೋಡಿದ ಮನ್ಯಾಗೆಲ್ಲಾ ನಮ್ಮ ದೇಶದ ಮಂದಿ ಮೊದಲ ಬಂದು ಉಕ್ಕಿಸಿ ಬಿಟ್ಟಾರ. ಮತ್ತೊಬ್ಬಾಕಿ ಉಕ್ಕಿಸಿದ ಒಲಿಮ್ಯಾಲೆ ನಾ ಹ್ಯಾಂಗ ಉಕ್ಕಸ್ಲಿ? ಎಂಜಲಾ ಆಗೂದಿಲ್ಲೇನು? ನನ್ನ ಮಗ ಚನ್ನಬಸಪ್ಪ ಡಾಕ್ಟರಿದ್ದಾನ, ಅಂವಗ ಇದು ತಿಳಿಯೂದಿಲ್ಲ. ಅಂವ ಮಾಳಗಿ ನೋಡತಾನ, ನಾ ಒಲಿ ನೋಡತೇನಿ.

ನಿರುಪಮಾ ಗಂಡನ ಕಡೆಗೆ ತಿರುಗಿದಳು.

ನಿರುಪಮಾ: ಪ್ರಯೋಗ ಮುಗೀತಾ?

ಪ್ರಹ್ಲಾದ್: ಅಮ್ಮ, ಇನ್ನೊಂದು ವಿಷಯ. ಹಿತ್ತಲಲ್ಲಿ ಹಾವಿದೆ.

ನಿರುಪಮಾ: ಆ ಹಾವು ಶುಗರ್‌ಲ್ಯಾಂಡಿಂದು.

ಪ್ರಹ್ಲಾದ್: ನಿರುಪಮಾ!

ನಿರುಪಮಾ: ನನಗೆ ಪರೀಕ್ಷೆ ಬೇಕು. ಸುಳ್ಳು ಬೇಡ.

ಅಡಿಗೆಮನೆಯಿಂದ ಚುಂಯ್ ಎಂಬ ಸದ್ದು ಬಂತು. ಅದರ ಹಿಂದೆಯೇ ಸೀದ ಹಾಲಿನ ವಾಸನೆ. ಮೂವರೂ ಓಡಿದರು. ಹಾಲು ಪಾತ್ರೆಯ ಒಂದು ಬದಿಯಿಂದ ಉಕ್ಕಿ, ಒಲೆಯನ್ನು ದಾಟಿ, ಕಪ್ಪು ಕಲ್ಲಿನ ಕಟ್ಟೆಯ ಮೇಲೆ ನಿಧಾನವಾಗಿ ಹರಿಯುತ್ತಿತ್ತು.

ನಿರುಪಮಾ: ಆರಿಸಿ ಅಂದಿದ್ದೆ!

ಪ್ರಹ್ಲಾದ್: ನಾಬ್ ತಿರುಗಿಸಿದ್ದೆ!

ನಿರುಪಮಾ: ಯಾವ ಕಡೆಗೆ?

ಪ್ರಹ್ಲಾದ್: ಕೊನೆವರೆಗೂ ತಿರುಗಿಸಿದೆ.

ನಿರುಪಮಾ: ದೊಡ್ಡ ಉರಿ ಇರೋದೂ ಒಂದು ಕೊನೆಯಲ್ಲೇ ರೀ.

ಪ್ರಹ್ಲಾದ್ ಒಲೆಯನ್ನು ಆರಿಸಿದ. ಆಮೇಲೆ ಅವನ ಮುಖದಲ್ಲಿ ಎರಡನೆಯ ಸಲ ಬೆಳಕು ಮೂಡಿತು.

ಪ್ರಹ್ಲಾದ್: ಅಯ್ಯೋ, ಉಕ್ಕೇಬಿಡ್ತಲ್ಲ ಅಮ್ಮ! ಇನ್ನು ಎಂಜಲು. ನೀವು ಹೇಗೆ ತಗೋತೀರ? ನಮಗೇ ತುಂಬಾ ದುಃಖ ಆಗ್ತಿದೆ.

ಸುಮಿತ್ರವ್ವ: ತಡಿ. ಯಾವ ಕಡೆ ಉಕ್ಕೇತಿ?

ಪ್ರಹ್ಲಾದ್: ಫ್ರಿಜ್ ಕಡೆ.

ಸುಮಿತ್ರವ್ವ: ಫ್ರಿಜ್ ಯಾವ ದಿಕ್ಕಿಗೈತಿ?

ನಿರುಪಮಾ: ಪೂರ್ವಕ್ಕೆ.

ಪ್ರಹ್ಲಾದ್: ಅದನ್ನ ಹೇಳ್ಬೇಕಾಗಿತ್ತಾ?

ನಿರುಪಮಾ: ಫ್ರಿಜ್ ಪೂರ್ವಕ್ಕಿದ್ರೆ ನಾನೇನು ಮಾಡ್ಲಿ?

ಸುಮಿತ್ರವ್ವ: ಇದನ್ನ ನೀವು ಉಕ್ಕಿಸಿದ್ರೇನು? ಇಬ್ರೂ ಪಡಸಾಲ್ಯಾಗ ನನ್ನ ಮುಂದ ನಿಂತಿದ್ರಿ. ತಿಂಗಳಗಟ್ಟಲೆ ಉಕ್ಕಲಾರದ್ದು, ನಾ ಹೊಸ್ತಿಲಾ ದಾಟಿದ ಗಳಿಗ್ಯಾಗ ತಾನ ಉಕ್ಕೇತಿ. ಅದೂ ಮೂಡಣಕ್ಕ. ಇದು ನಿಮ್ಮ ಹಾಲಲ್ಲ, ನನ್ನ ಹಾಲು. ಚನ್ನಬಸೂ! ಒಳಗ ಬಾ. ಮಾಳಗಿ ನೋಡಿದ್ದು ಸಾಕು. ನಮ್ಮ ಗೃಹಪ್ರವೇಶ ಆತು.

ನಿರುಪಮಾ ಬಟ್ಟೆ ಒದ್ದೆ ಮಾಡಿಕೊಂಡು ಕಟ್ಟೆಯನ್ನು ಒರೆಸತೊಡಗಿದಳು. ಮನೆ ಕೈಬಿಟ್ಟು ಹೋದರೂ ಕಲೆ ಉಳಿಯಬಾರದು.

ಸುಮಿತ್ರವ್ವ: ಯಾಕವ್ವಾ, ಮಾರಿ ಸಣ್ಣ ಮಾಡೀದಿ?

ನಿರುಪಮಾ: ಏನಿಲ್ಲಮ್ಮ. ಮೇ ತಿಂಗಳಲ್ಲಿ ನನ್ನ ಪರೀಕ್ಷೆ. ಕಾಲೇಜು ಇಲ್ಲೇ ಹತ್ರ. ಮನೆ ಹೋದ್ರೆ ನಾವೂ ಹೋಗ್ಬೇಕು. ಎರಡು ಸಲ ಹೀಗೇ ಆಯ್ತು.

ಸುಮಿತ್ರವ್ವ: ಹೋಗ್ತೀರಾ? ಹುಚ್ಚರದೀರೇನು? ಹಾಲುಕ್ಕಿದ ಮನೀನ ದೀಪಾ ಇಲ್ಲದಾಂಗ ಖಾಲಿ ಬಿಡತಾರೇನು? ನಾವೀಗ ಇರೂ ಅಪಾರ್ಟ್‌ಮೆಂಟಿನ ಕರಾರು ಜೂನ್ ತನಕ ಐತಿ, ಅದು ಮುಗಿಯೂತನಕ ನನ್ನ ಮಗ ಅಲ್ಲಿಂದ ಒಂದು ಚಮಚಾನೂ ಸರಸೂದಿಲ್ಲ. ಅಲ್ಲೀತನಕ ಇಲ್ಲಿ ದೀಪಾ ಹಚ್ಚಾವ್ರು ಯಾರು? ನೀವ ಇರ್ರಿ.

ನಿರುಪಮಾ: ಕಂಪನಿಯವರು ಒಪ್ಪಬೇಕಲ್ಲ?

ಸುಮಿತ್ರವ್ವ: ಮನಿ ಮಾರೂತನಕ ಅವರ ಕಾವಲು, ಮಾರಿದಮ್ಯಾಲೆ ನನ್ನ ಕಾವಲು. ನಂದೂ ಒಂದು ನಿಯಮ ಐತಿ.

ಪ್ರಹ್ಲಾದ್: ಗೊತ್ತಮ್ಮ. ಹಾಸಿಗೆ ಸುಕ್ಕಾಗಬಾರದು.

ಸುಮಿತ್ರವ್ವ: ಹಾಸಿಗಿ ತಗೊಂಡು ಏನ ಮಾಡ್ಲಿ? ದಿನಾ ಒಗ್ಗರಣಿ ಹಾಕಬೇಕು. ಮನಿ ಅಂದಮ್ಯಾಲೆ ಮನಿಯಾಂಗ ವಾಸನಿ ಬರಬೇಕು.

ಹೀಗೆಂದು ಸುಮಿತ್ರವ್ವ, ಇನ್ನೂ ಹೊರಗೆ ನಿಂತು ಛಾವಣಿ ನೋಡುತ್ತಲೇ ಇದ್ದ ಮಗನನ್ನು ಎಳೆದುಕೊಂಡು ಬರಲು ಹೊರಗೆ ನಡೆದಳು. ನಿರುಪಮಾ ಊಟದ ಬ್ಯಾಗಿನಿಂದ ದೇವರುಗಳನ್ನು ತೆಗೆದು, ಈ ಸಲ ಬೀರುವಿನೊಳಗಲ್ಲ, ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

ಪ್ರಹ್ಲಾದ್: ಅಂತೂ ನಾನು ಹೇಳಿದ್ದೇ ಸರಿಯಾಯ್ತು. ಹಾಲುಕ್ಕಿದ ತಕ್ಷಣ ಮನೆ ಹೋಯ್ತು.

ನಿರುಪಮಾ: ಉಕ್ಕಿಸಿದ್ದು ಯಾರು?

ಪ್ರಹ್ಲಾದ್ ಫ್ರಿಜ್ಜಿನ ಕಡೆಗೆ ನೋಡಿದ. ಪಾತ್ರೆಯ ತಳದಲ್ಲಿ ಒಂದು ಲೋಟದಷ್ಟು ಹಾಲು ಉಳಿದಿತ್ತು.

ಪ್ರಹ್ಲಾದ್: ಆರಿಹೋಗಿದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಡ್ಲಾ?

ನಿರುಪಮಾ: ನೀವು ಹೋಗಿ ಬಾಗಿಲು ಕಾಯಿರಿ. ನಮ್ಮನ್ನ ಇಟ್ಕೊಂಡಿರೋದು ಅದಕ್ಕೆ. ಒಲೆ ನಾನು ಕಾಯ್ತೀನಿ.